ಕೂಸ ಯಾರ ಕೈಲಿ ಬುಟ್ಟು ಹೋಗಾದು?

ಚಾಮರಾಜನಗರದಲ್ಲಿ ಒಂದು ಜನನ ಮಂಟಪವಿದೆ. ಹಿಂದೆ ಆ ಊರಿನ ಹೆಸರು ಅರಿಕುಠಾರ. 1774ರಲ್ಲಿ ಅಲ್ಲೊಂದು ಗಂಡು ಕೂಸು ಹುಟ್ಟಿತು. ಮೈಸೂರಿನ ಗಾದಿಗೆ ವಾರಸುದಾರ ಇಲ್ಲದೆ ಹೋದಾಗ ಹೈದರಾಲಿ ಅರಸು ಮನೆತನಗಳ ಕೂಸುಗಳನ್ನೆಲ್ಲ ಒಂದು ಕಡೆ ಸೇರಿಸಿ, ಮುಂದೆ ಆಟದ ಸಾಮಾನು ಹಣ್ಣು ಹಂಪಲು ಹರಡಿಸಿ, ಕಠಾರಿಗೆ ಕೈ ಹಾಕಿದ ಕೂಸನ್ನು ಇವನೇ ರಾಜ ಎಂದು ಆರಿಸಿದನಂತೆ. ವಿಲ್ಕ್ಸ್ ಎಂಬ ಇಂಗ್ಲಿಷ್ ಚರಿತ್ರೆಕಾರ ಬರೆದಿಟ್ಟ ಕಥೆ ಇದು. ಆ ಕೂಸೇ ಚಾಮರಾಜ ಒಡೆಯ. ಅವನ ಮಗ ಮುಮ್ಮಡಿ ಕೃಷ್ಣರಾಜ ಒಡೆಯ 1818ರಲ್ಲಿ ಅರಿಕುಠಾರಕ್ಕೆ ಅಪ್ಪನ ಹೆಸರಿಟ್ಟ. ಅಪ್ಪ ಹುಟ್ಟಿದ ಜಾಗಕ್ಕೆ ಮಂಟಪ ಕಟ್ಟಿಸಿದ.

ರಾಜನ ಕೂಸು ಹುಟ್ಟಿದ ಜಾಗ ಇತಿಹಾಸಕ್ಕೆ ಗೊತ್ತು. ಅದೇ ವರ್ಷ ಅದೇ ಊರಿನ ಹೊಲಗೇರಿಯಲ್ಲಿ ಹುಟ್ಟಿದ ಕೂಸುಗಳು ಎಲ್ಲಿ ಹುಟ್ಟಿದವು, ಅವ್ವ ನಾಟಿಗೆ ಹೋದಾಗ ಯಾರ ಕಂಕುಳಲ್ಲಿ ಕೂತಿದ್ದವು, ಯಾರು ಹಿಟ್ಟು ಕಲಸಿ ಬಾಯಿಗಿಟ್ಟರು, ಎಷ್ಟು ಬದುಕಿದವು, ಎಷ್ಟು ಮಣ್ಣಾದವು? ಯಾವ ಶಾಸನವೂ ಹೇಳುವುದಿಲ್ಲ. ನಾವು ಬರೆಯಲು ಹೊರಟಿರುವುದು ಆ ಕೂಸುಗಳನ್ನು ಕಾಯ್ದ ಕೈಗಳ ಇತಿಹಾಸ. ದಾಖಲೆ ಕಡಿಮೆ. ಆದರೆ ನಮ್ಮ ಮನೆಯೇ ಒಂದು ದಾಖಲೆ.

1

ಗುಂಡ್ಲುಪೇಟೆಗೂ ತೆರಕಣಾಂಬಿಗೂ ನಡುವಿನ ಒಂದು ಊರಿನ ಕೇರಿ ನಮ್ಮದು. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವರು ನಾವು. ಪದವಿ ಪ್ರಮಾಣಪತ್ರ ಮನೆಗೆ ತಂದ ದಿನ ಅಪ್ಪ ಅದನ್ನು ಅಂಬೇಡ್ಕರ್ ಪಟದ ಕೆಳಗೆ ಇಟ್ಟ. ಕೇರಿಯವರೆಲ್ಲ ಬಂದು ನೋಡಿ ಹೋದರು. ಅಕ್ಕ ಮಾತ್ರ ಬಾಗಿಲಲ್ಲೇ ನಿಂತು, ಸೆರಗಿಗೆ ಕೈ ಒರೆಸಿಕೊಂಡು, "ಎತ್ತಿ ಎತ್ತಿ ನನ್ ಸೊಂಟ ಬಿದ್ದೋಗಿತ್ತು ಕನಾ ಮೊಗ, ಅದು ಈಗ ಓದಿ ದೊಡ್ಡದಾಯ್ತು" ಅಂದಳು. ಎಲ್ಲರೂ ನಕ್ಕರು. ನಾವೂ ನಕ್ಕೆವು.

ಆ ಮಾತಿನ ಅರ್ಥ ತಿಳಿಯಲು ನಮಗೆ ಇನ್ನೂ ಕೆಲವು ವರ್ಷ ಬೇಕಾಯಿತು. ನಾವು ಹುಟ್ಟಿದಾಗ ಅಕ್ಕನಿಗೆ ಎಂಟು ವರ್ಷ. ಮೂರನೇ ಕ್ಲಾಸು. ಅವ್ವ ಬಾಣಂತನ ಮುಗಿಸಿ ಕಳೆ ಕೀಳಲು ಹೊರಟ ದಿನ ಅಕ್ಕನ ಸ್ಲೇಟು ಗೂಡಿಗೆ ಹೋಯಿತು. ಯಾರೂ ಅವಳಿಗೆ ಇಸ್ಕೂಲು ಬಿಡು ಎಂದು ಹೇಳಲಿಲ್ಲವಂತೆ. "ಇವತ್ತೊಂದಿನ ಕೂಸ ನೋಡ್ಕವ್ವ" ಅಂದರಂತೆ. ಆ ಒಂದು ದಿನ ಮೂರು ವರ್ಷವಾಯಿತು. ಮೂರು ವರ್ಷ ಆದ ಮೇಲೆ ನಾವು ಅಂಗನವಾಡಿಗೆ ಹೋದೆವು. ಅಕ್ಕ ಅವ್ವನ ಜೊತೆ ಕೂಲಿಗೆ ಹೋದಳು. ಮೂರನೇ ಕ್ಲಾಸಿನಲ್ಲಿ ಅವಳ ಜಾಗ ಹಾಗೇ ಖಾಲಿ ಉಳಿಯಿತು.

ಇದನ್ನು ಕಣ್ಣೀರಿಗಾಗಿ ಬರೆಯುತ್ತಿಲ್ಲ. ನಮ್ಮ ಕೇರಿಯಲ್ಲಿ ಓದಿದ ಒಬ್ಬೊಬ್ಬ ಹುಡುಗನ ಹಿಂದೆಯೂ ಓದದ ಒಬ್ಬ ಅಕ್ಕ ಇದ್ದಾಳೆ. ಮೀಸಲಾತಿಯಿಂದ ಓದಿದೆವು ಎಂದು ಮೇಲಿನವರು ಹೀಯಾಳಿಸುತ್ತಾರೆ. ನಾವು ಮೊದಲು ಓದಿದ್ದು ಅಕ್ಕನಿಂದ ಎಂಬುದು ಅವರಿಗಿರಲಿ, ನಮಗೇ ಗೊತ್ತಿರಲಿಲ್ಲ.

2

ಹಳೆಯ ದಿನಗಳಲ್ಲಿ ಕೂಲಿ ಹೆಂಗಸಿನ ಕೂಸಿಗೆ ಮೂರು ದಿಕ್ಕು ಇದ್ದವು. ಒಂದು, ಕಣ್ಣು ಮಂಜಾದ ಅಜ್ಜಿ. ಎರಡು, ಇಸ್ಕೂಲು ಬಿಟ್ಟ ಅಕ್ಕ. ಮೂರು, ಮರ. ಹೊಲದ ಬದುವಿನ ಬೇವಿಗೋ ಹೊಂಗೆಗೋ ಹಳೇ ಸೀರೆಯ ಜೋಲಿ ಕಟ್ಟಿ, ಕೂಸನ್ನು ಮಲಗಿಸಿ, ಸಾಲು ಹಿಡಿಯುವುದು. ಸಾಲು ಮರದಿಂದ ದೂರ ಹೋದಷ್ಟೂ ಅವ್ವನ ಕಿವಿ ಹಿಂದಕ್ಕೆ ತಿರುಗುತ್ತಿತ್ತು. ಕೂಸು ಅತ್ತರೆ ಎದ್ದು ಹೋಗಬೇಕು, ಎದ್ದು ಹೋದರೆ ಯಜಮಾನನ ಬಾಯಿ. "ಕೂಸ ಸಾಕಾಕ್ ಬಂದಿದ್ದೀಯ, ಕೂಲಿ ಮಾಡಾಕ್ ಬಂದಿದ್ದೀಯ?" ಈ ಮಾತು ಕೇಳದೆ ಬೆಳೆದ ಕೂಸು ನಮ್ಮ ಕೇರಿಯಲ್ಲಿ ಇಲ್ಲ. ಬಂಡೀಪುರದ ಕಾಡಂಚಿನ ಹೊಲವಾದರೆ ಚಿರತೆಯ ಭಯ ಬೇರೆ. ಇರುವೆ, ಹಾವು, ಬಿಸಿಲು, ಇವು ಲೆಕ್ಕಕ್ಕೇ ಇಲ್ಲ.

ಯಜಮಾನರ ಮನೆಯ ಕೂಸಿಗೆ ಬೇರೆ ಏರ್ಪಾಡು. ಅಲ್ಲೂ ದುಡಿಯುವ ಕೈ ಬಡವರದೇ. ಆದರೆ ಜಾತಿ ಅಲ್ಲೂ ಕೆಲಸ ಹಂಚಿತ್ತು. ಕೂಸು ಎತ್ತಿಕೊಳ್ಳಲು ಮುಟ್ಟಿಸಿಕೊಳ್ಳುವ ಜಾತಿಯ ಬಡ ಹುಡುಗಿ. ದನ ಕಾಯಲು, ಸಗಣಿ ಬಾಚಲು ನಮ್ಮ ಹುಡುಗ. ನಮ್ಮ ಕೈ ಅವರ ದನವನ್ನು ಮುಟ್ಟಬಹುದು, ಕೂಸನ್ನು ಮುಟ್ಟುವಂತಿಲ್ಲ.

ಆದರೆ ಒಂದು ಗಳಿಗೆ ಮಾತ್ರ ಮುಟ್ಟಬಹುದಿತ್ತು. ನಮ್ಮ ಅಜ್ಜಿ ಸೂಲಗಿತ್ತಿ. ನಡುರಾತ್ರಿಯಲ್ಲಿ ಲಾಟೀನು ಹಿಡಿದು ದೊಡ್ಡ ಮನೆಯವರು ಕೇರಿಗೆ ಬರುತ್ತಿದ್ದರಂತೆ. ಹೆರಿಗೆಯ ಕೋಣೆ ಹೇಗೂ ಮೈಲಿಗೆ, ಮೈಲಿಗೆಯ ಕೋಣೆಗೆ ಮೈಲಿಗೆಯ ಕೈ. ಕೂಸು ಭೂಮಿಗೆ ಬಿದ್ದಾಗ ಮೊದಲು ಹಿಡಿದದ್ದು ಅಜ್ಜಿಯ ಕೈ. ಹೊಕ್ಕಳಬಳ್ಳಿ ಕೊಯ್ದದ್ದು, ಬಾಯಿ ಒರೆಸಿ ಅಳಿಸಿದ್ದು, ಮೊದಲ ನೀರು ಹುಯ್ದದ್ದು ಅಜ್ಜಿ. ಸೂತಕ ಕಳೆದ ಮೇಲೆ ಅದೇ ಕೂಸು ಅಂಗಳದಲ್ಲಿ ತೆವಳಿಕೊಂಡು ಅಜ್ಜಿಯ ಕಡೆ ಬಂದರೆ, "ಮುಟ್ಟಬ್ಯಾಡ ಬಾ" ಎಂದು ಒಳಗೆ ಎತ್ತಿಕೊಂಡು ಹೋಗುತ್ತಿದ್ದರಂತೆ. ಅಜ್ಜಿ ಇದನ್ನು ಹೇಳುವಾಗ ಸಿಟ್ಟು ಮಾಡುತ್ತಿರಲಿಲ್ಲ. "ನಾ ಮುಟ್ದೆ ಇದ್ದಿದ್ರ ಅದು ಉಸ್ರೇ ಆಡ್ತಿರ್ನಿಲ್ಲ" ಎಂದು ನಗುತ್ತಿತ್ತು.

ಈ ದೇಶದಲ್ಲಿ ಕೂಸು ಕಾಯುವ ಕೆಲಸಕ್ಕೆ ಜಾತಿಯ ಬೇಲಿ ಮುರಿದ ಮೊದಲಿಗರಲ್ಲಿ ಜೋತಿಬಾ ಫುಲೆ, ಸಾವಿತ್ರಿಬಾಯಿ ಫುಲೆ ಇದ್ದಾರೆ. 1863ರಲ್ಲಿ ಪುಣೆಯಲ್ಲಿ ಅವರು ಶಿಶುಹತ್ಯೆ ತಡೆಯುವ ಗೃಹ ತೆರೆದರು. ಬಸಿರಾದ ಬ್ರಾಹ್ಮಣ ವಿಧವೆಯರು ಬಾವಿಗೆ ಬೀಳದೆ, ಕೂಸನ್ನು ಕೊಲ್ಲದೆ ಅಲ್ಲಿ ಹೆರಬಹುದಿತ್ತು. ಅಲ್ಲಿ ಹೆತ್ತ ಒಬ್ಬ ವಿಧವೆಯ ಮಗ ಯಶವಂತನನ್ನೇ ಅವರು ಸಾಕುಮಗ ಮಾಡಿಕೊಂಡರು. ಮೇಲ್ಜಾತಿ ಬಿಸಾಡಿದ ಕೂಸನ್ನು ಶೂದ್ರ ತಾಯಿ ಎದೆಗಪ್ಪಿಕೊಂಡಳು. ನಮ್ಮ ಪಠ್ಯಪುಸ್ತಕದಲ್ಲಿ ಸಾವಿತ್ರಿಬಾಯಿ ಶಿಕ್ಷಕಿ ಮಾತ್ರ. ಅವರು ಕೂಸು ಕಾಯ್ದವರು ಎಂಬುದನ್ನೂ ನಾವು ಹೇಳಬೇಕು.

3

ಕಾರ್ಖಾನೆಗಳು ಬಂದಾಗ ಪ್ರಶ್ನೆ ಹೊಲದಿಂದ ಮಿಲ್ಲಿಗೆ ಹೋಯಿತು. ಬೊಂಬಾಯಿಯ ಮಿಲ್ಲು ಹೆಂಗಸರು ಕೂಸು ಅಳದೆ ಮಲಗಿರಲಿ ಎಂದು ಅಫೀಮಿನ ಗುಳಿಗೆ ತಿನ್ನಿಸಿ ಪಾಳಿಗೆ ಹೋಗುತ್ತಿದ್ದರು. 1931ರಲ್ಲಿ ವರದಿ ಕೊಟ್ಟ ಕಾರ್ಮಿಕ ಸ್ಥಿತಿಗತಿಯ ರಾಯಲ್ ಕಮಿಷನ್ನು ಕೂಡ ಈ ಅಫೀಮಿನ ಮಾತು ಆಡಬೇಕಾಯಿತು. ಇದಕ್ಕೆ ಮುಂಚೆಯೇ, 1928ರಲ್ಲಿ, ಬೊಂಬಾಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಎದ್ದು ನಿಂತು ಬೆಂಬಲಿಸಿದವರು ಬಾಬಾಸಾಹೇಬ್ ಅಂಬೇಡ್ಕರ್. ಹೆಂಗಸಿನ ದುಡಿಮೆಯಿಂದ ಲಾಭ ಪಡೆಯುವ ಮಾಲೀಕ ಅವಳ ಹೆರಿಗೆಯ ಭಾರದಲ್ಲೂ ಪಾಲು ಹೊರಬೇಕು ಎಂಬುದು ಅವರ ವಾದ. 1929ರಲ್ಲಿ ಅದು ಕಾಯಿದೆಯಾಯಿತು. ಮುಂದೆ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಸದಸ್ಯರಾದಾಗ, 1943ರಲ್ಲಿ ಗಣಿ ಹೆಂಗಸರ ಹೆರಿಗೆ ಸೌಲಭ್ಯದ ತಿದ್ದುಪಡಿ ತಂದವರೂ ಅವರೇ. ನಾವು ಅಂಬೇಡ್ಕರ್ ಜಯಂತಿಯಲ್ಲಿ ಸಂವಿಧಾನದ ಮಾತಾಡುತ್ತೇವೆ, ಆಡಬೇಕಾದ್ದೇ. ಬಾಣಂತಿಯ ಪರವಾಗಿ ಅವರು ಆಡಿದ ಮಾತನ್ನು ಯಾವ ವೇದಿಕೆಯಲ್ಲಿ ಆಡಿದ್ದೇವೆ?

ಸ್ವಾತಂತ್ರ್ಯ ಬಂದ ಮೇಲೆ ಕಾಯಿದೆಗಳು ಸಾಲಾಗಿ ಬಂದವು. 1948ರ ಕಾರ್ಖಾನೆ ಕಾಯಿದೆ ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಶಿಶುಗೃಹ ಇರಬೇಕು ಎಂದಿತು; 1976ರಲ್ಲಿ ಆ ಐವತ್ತು ಮೂವತ್ತಕ್ಕಿಳಿಯಿತು. 1951ರ ತೋಟ ಕಾರ್ಮಿಕರ ಕಾಯಿದೆಯೂ ಐವತ್ತು ಹೆಂಗಸರು ಎಂದಿತು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯಿದೆಗೆ ತಿದ್ದುಪಡಿ ತಂದು ರಜೆಯನ್ನು 26 ವಾರಕ್ಕೆ ಏರಿಸಿದಾಗ ಮತ್ತೆ ಐವತ್ತು ಜನ ಕೆಲಸಗಾರರಿರುವ ಕಡೆ ಶಿಶುಗೃಹ ಎಂದರು. 2025ರ ನವೆಂಬರ್ 21ರಂದು ಹಳೆಯ ಕಾಯಿದೆಗಳೆಲ್ಲ ಹೋಗಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅಲ್ಲೂ ಐವತ್ತರ ಲೆಕ್ಕವೇ.

ಈ ಐವತ್ತು ಎಂಬ ಸಂಖ್ಯೆಯನ್ನು ಗೆಳೆಯರು ಗಮನಿಸಬೇಕು. ಗುಂಡ್ಲುಪೇಟೆಯ ಚೆಂಡು ಹೂವಿನ ಹೊಲದಲ್ಲಿ ಹೂ ಬಿಡಿಸುವವರು ಎಷ್ಟು ಜನ? ಎಂಟು, ಹತ್ತು. ಈರುಳ್ಳಿ ಕೊಯ್ಲಿಗೆ ಹದಿನೈದು. ಅರಿಸಿನ ಕೀಳಲು ಒಂದು ಗಾಡಿ ತುಂಬ. ಇವತ್ತು ಒಬ್ಬನ ಹೊಲ, ನಾಳೆ ಇನ್ನೊಬ್ಬನದು. ಮಾಲೀಕನೇ ದಿನಕ್ಕೊಬ್ಬ ಬದಲಾಗುವಾಗ ಶಿಶುಗೃಹ ಕಟ್ಟುವವರು ಯಾರು? ಐವತ್ತು ಎಂದು ಬರೆದ ಕೈಗೆ ಹೊಲಗೂಲಿಯ ಹೆಂಗಸು ಕಂಡೇ ಇಲ್ಲ. ದೇಶದಲ್ಲಿ ಅತಿ ಹೆಚ್ಚು ಹೆಂಗಸರು ದುಡಿಯುವ ಜಾಗ ಹೊಲ. ಆ ಹೊಲಕ್ಕೆ ಒಂದು ತೊಟ್ಟಿಲು ಇರಬೇಕು ಎಂದು ಯಾವ ಕಾರ್ಮಿಕ ಕಾಯಿದೆಯೂ ಮಾಲೀಕನನ್ನು ಕಟ್ಟಿಹಾಕಲಿಲ್ಲ.

2005ರ ಗ್ರಾಮೀಣ ಉದ್ಯೋಗ ಖಾತ್ರಿ ಕಾಯಿದೆ ಮಾತ್ರ ಸಣ್ಣ ಸಂಖ್ಯೆ ಬರೆಯಿತು. ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ ಸಾಕು, ಕೂಲಿಗೆ ಬಂದ ಹೆಂಗಸರಲ್ಲೇ ಒಬ್ಬಳನ್ನು ಕೂಸು ನೋಡಿಕೊಳ್ಳಲು ನೇಮಿಸಬೇಕು, ಅವಳಿಗೂ ಅದೇ ಕೂಲಿ ಕೊಡಬೇಕು ಎಂದಿತ್ತು. ಕೂಸು ಕಾಯುವುದೂ ಮಣ್ಣು ಹೊರುವಷ್ಟೇ ಕೂಲಿಯ ಕೆಲಸ ಎಂದು ಸರ್ಕಾರ ಕಾಗದದಲ್ಲಿ ಒಪ್ಪಿದ ಮಾತು ಅದು. ನಮ್ಮೂರ ಕೆರೆಯ ಹೂಳೆತ್ತುವಾಗ ಆ ಮಾತು ಕಾಗದದಲ್ಲೇ ಇತ್ತು. ಕೂಸುಗಳು ಏರಿಯ ಮೇಲೆ ಮಣ್ಣಾಡುತ್ತಿದ್ದವು. ಕೇಳಬಹುದು ಎಂದು ನಮ್ಮ ಹೆಂಗಸರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾವು ಹೇಳಲಿಲ್ಲ.

4

ಈಗ ಅಂಗನವಾಡಿಯ ಕಥೆ. ಅಂಗನವಾಡಿ ಎಂದರೆ ಸರ್ಕಾರದ್ದು ಎಂದು ನಾವೆಲ್ಲ ತಿಳಿದಿದ್ದೇವೆ. ಆ ಮಾತಿನ ಹುಟ್ಟು ಬೇರೆ. ಮಹಾರಾಷ್ಟ್ರದ ಕಡಲ ಕಡೆಯ ಬೋರ್ಡಿ ಎಂಬ ಊರಲ್ಲಿ ತಾರಾಬಾಯಿ ಮೋಡಕ್ ಎಂಬ ಶಿಕ್ಷಣತಜ್ಞೆ, ಅನುತಾಯಿ ವಾಘ್ ಜೊತೆಗೂಡಿ, 1945ರಲ್ಲಿ ಬಡವರ ಮಕ್ಕಳಿಗೆ ಬಾಲವಾಡಿ ಶುರು ಮಾಡಿದರು. ದಲಿತ ಕೇರಿಯ ಮಕ್ಕಳು ಊರೊಳಗಿನ ಬಾಲವಾಡಿಗೆ ಬರಲಿಲ್ಲ. ಬರುವುದು ಹೇಗೆ? ಬಾಲವಾಡಿಯೇ ಕೇರಿಗೆ ನಡೆದು ಹೋಯಿತು, ಅವರ ಮನೆಯ ಅಂಗಳದಲ್ಲೇ ಕೂತಿತು. ಅಂಗಳದ ಬಾಲವಾಡಿ ಅಂಗನವಾಡಿ ಆಯಿತು. ಇವತ್ತು ದೇಶದ ಹಳ್ಳಿ ಹಳ್ಳಿಯ ಬೋರ್ಡಿನಲ್ಲಿರುವ ಈ ಪದ ದಲಿತರ ಅಂಗಳದಿಂದ ಎದ್ದು ಬಂದದ್ದು. ಮೇಷ್ಟ್ರುಗಳು ಇದನ್ನು ಮಕ್ಕಳಿಗೆ ಹೇಳಬೇಕು.

1975ರ ಅಕ್ಟೋಬರ್ 2ರಂದು ಭಾರತ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಆರಂಭಿಸಿತು. ಕರ್ನಾಟಕದಲ್ಲಿ ಆರಿಸಿದ್ದು ನಮ್ಮ ಪಕ್ಕದ ತಿರುಮಕೂಡಲು ನರಸೀಪುರ ತಾಲ್ಲೂಕು, 100 ಅಂಗನವಾಡಿ. ಆಗ ಚಾಮರಾಜನಗರ, ಗುಂಡ್ಲುಪೇಟೆ ಎರಡೂ ಮೈಸೂರು ಜಿಲ್ಲೆಯ ತಾಲ್ಲೂಕುಗಳು. ನಮ್ಮ ಜಿಲ್ಲೆ ಆದದ್ದು 1997ರಲ್ಲಿ. ವಿಧಾನಸಭೆಯ ಅಧ್ಯಕ್ಷ ಪೀಠದಲ್ಲಿ ಆಗ ಕೂತಿದ್ದವರು ಗುಂಡ್ಲುಪೇಟೆಯ ಶಾಸಕಿ ಕೆ.ಎಸ್. ನಾಗರತ್ನಮ್ಮ, ರಾಜ್ಯದ ಮೊದಲ ಮಹಿಳಾ ಸ್ಪೀಕರ್.

ಅದೇ ಅಕ್ಟೋಬರ್ 24ರಂದು ಇನ್ನೊಂದು ಕಾಗದ ಹೊರಬಿತ್ತು: ಜೀತ ಪದ್ಧತಿಯನ್ನು ರದ್ದು ಮಾಡಿದ ಸುಗ್ರೀವಾಜ್ಞೆ. ತುರ್ತು ಪರಿಸ್ಥಿತಿಯ ಕಾಲ, ಬಾಯಿಗೆ ಬೀಗ ಹಾಕಿದ ಸರ್ಕಾರದ್ದೇ ಈ ಎರಡು ಕೆಲಸ. ಒಂದೇ ತಿಂಗಳಲ್ಲಿ ಇವೆರಡೂ ಬಂದದ್ದನ್ನು ಜೊತೆಗಿಟ್ಟು ಯಾರೂ ನೋಡಿದಂತಿಲ್ಲ. ನಮ್ಮ ಕೇರಿಯಿಂದ ನೋಡಿದರೆ ಅವೆರಡೂ ಒಂದೇ ಕೂಸಿನ ಕಥೆ. ಆರು ವರ್ಷದವರೆಗೆ ಕಾಯುವವರಿಲ್ಲ, ಆರು ತುಂಬಿದ ಮೇಲೆ ಜೀತ. ನಮ್ಮ ಅಪ್ಪ ಹಾಗೆ ದನದ ಹಿಂದೆ ಹೋದವರು. ಜೀತ ಕಾಯಿದೆ ಬಂದಿದೆ ಎಂದು ಅಪ್ಪನಿಗೆ ಗೊತ್ತಾದದ್ದು ಮೀಸೆ ಬಂದ ಮೇಲೆ.

ಕೂಸು ಕಾಯುವ ಹೆಂಗಸಿಗೆ ಸರ್ಕಾರ ಕೊಟ್ಟದ್ದೇನು? ಮೆಟ್ರಿಕ್ ಓದಿದ ಕಾರ್ಯಕರ್ತೆಗೆ ತಿಂಗಳಿಗೆ 150 ರೂಪಾಯಿ, ಓದದವಳಿಗೆ 100, ಸಹಾಯಕಿಗೆ 35. ಅದಕ್ಕೆ ಸಂಬಳ ಎಂದು ಹೆಸರಿಲ್ಲ, ಗೌರವಧನ. ಹಣ ಕಡಿಮೆ ಇದ್ದ ಕಡೆ ಗೌರವ ಎಂಬ ಮಾತನ್ನು ಜೋರಾಗಿ ಹೇಳುತ್ತಾರೆ. 2018ರ ಅಕ್ಟೋಬರಿನಿಂದ ಕೇಂದ್ರದ ಪಾಲು ಕಾರ್ಯಕರ್ತೆಗೆ 4,500, ಸಹಾಯಕಿಗೆ 2,250 ಆಯಿತು. ರಾಜ್ಯ ತನ್ನ ಪಾಲು ಸೇರಿಸುತ್ತದೆ. ಹೆಸರು ಮಾತ್ರ ಬದಲಾಗಲಿಲ್ಲ.

2006ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಎರಡು ಮಾತು ಹೇಳಿತು. ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ಮೊಕದ್ದಮೆಯಲ್ಲಿ, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆ ಅಲ್ಲ ಎಂದಿತು. ಅದಾದ ವಾರದೊಳಗೆ, ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ, ದೇಶದ ಪ್ರತಿಯೊಂದು ವಸತಿಗೂ ಅಂಗನವಾಡಿ ಬೇಕು, ದಲಿತ ಆದಿವಾಸಿ ಕೇರಿ ಹಾಡಿಗಳಿಗೆ ಆದ್ಯತೆ ಕೊಡಬೇಕು, ನಲವತ್ತು ಮಕ್ಕಳಿರುವ ವಸತಿಯವರು ಕೇಳಿದರೆ ಮೂರು ತಿಂಗಳಲ್ಲಿ ತೆರೆಯಬೇಕು ಎಂದಿತು. ಕೂಸು ಕಾಯುವುದು ಸರ್ಕಾರದ ಕೆಲಸ, ಕಾಯುವವಳು ಸರ್ಕಾರದವಳಲ್ಲ! 2017ರ ಮಾರ್ಚಿನಲ್ಲಿ ಸಾವಿರಾರು ಅಂಗನವಾಡಿ ಹೆಂಗಸರು ಬೆಂಗಳೂರಿನ ಟಾರು ರಸ್ತೆಯ ಮೇಲೆ ನಾಲ್ಕು ದಿನ ಹಗಲು ರಾತ್ರಿ ಕೂತರಲ್ಲ, ಅದು ಈ ತರ್ಕಕ್ಕೆ ಅವರು ಕೊಟ್ಟ ಉತ್ತರ. 2022ರಲ್ಲಿ ಅದೇ ನ್ಯಾಯಾಲಯ ಅವರಿಗೂ ಗ್ರಾಚ್ಯುಟಿಯ ಹಕ್ಕುಂಟು ಎಂದು ಹೇಳಿತು. ಬೀದಿಯಲ್ಲಿ ಕೂತದ್ದು ದಂಡವಾಗಲಿಲ್ಲ.

5

ಅಂಗಳದಿಂದ ಎದ್ದ ಅಂಗನವಾಡಿ ನಮ್ಮ ಸೀಮೆಗೆ ಬಂದಾಗ ಯಾರ ಅಂಗಳದಲ್ಲಿ ಕೂತಿತು? ಇದು ಜಾತಿಯ ಪ್ರಶ್ನೆ. ಕೇರಿಯಲ್ಲಿ ಕಟ್ಟಿದರೆ ಮೇಲಿನ ಬೀದಿಯ ಮಕ್ಕಳು ಬರುವುದಿಲ್ಲ. ಮೇಲಿನ ಬೀದಿಯಲ್ಲಿ ಕಟ್ಟಿದರೆ ನಮ್ಮ ಮಕ್ಕಳು ಬಾಗಿಲ ಹತ್ತಿರ. ನಾವು ಹೋದ ಅಂಗನವಾಡಿ ಮೇಲಿನ ಬೀದಿಯದು. ಅಲ್ಲಿ ಎರಡು ಬಗೆಯ ಲೋಟ ಇದ್ದವು. ಸ್ಟೀಲಿನವು ಒಳಗಿನ ಗೂಡಿನಲ್ಲಿ, ಅಲ್ಯುಮಿನಿಯಮ್ಮಿನವು ಹೊರಗಿನ ಜಗಲಿಯಲ್ಲಿ. ಮೂರು ವರ್ಷದ ಕೂಸಿಗೆ ಅಕ್ಷರ ತಿಳಿಯುವ ಮೊದಲೇ ತನ್ನ ಲೋಟ ಯಾವುದು ಎಂದು ತಿಳಿಯುತ್ತಿತ್ತು. ನಾವು ಕಲಿತ ಮೊದಲ ಪಾಠ ಅದು. ಊರಿನ ಹೆಸರು ಬರೆಯುತ್ತಿಲ್ಲ. ಬರೆದರೆ ಅದೊಂದೇ ಊರಿನ ತಪ್ಪಾಗುತ್ತದೆ. 2022ರಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರದಲ್ಲಿ ದಲಿತ ಹೆಂಗಸೊಬ್ಬಳು ನೀರು ಕುಡಿದಳು ಎಂದು ತೊಂಬೆಯ ನೀರು ಚೆಲ್ಲಿ ಗಂಜಲ ಹಾಕಿ ತೊಳೆದ ಸುದ್ದಿ ದೇಶವೇ ಓದಿತು. ನೀರು ಹೀಗಿರುವ ಕಡೆ ಲೋಟ ಹೇಗಿರುತ್ತದೆ?

2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನಸಂಖ್ಯೆ 10,20,791. ನಾಲ್ವರಲ್ಲಿ ಒಬ್ಬರು ಪರಿಶಿಷ್ಟ ಜಾತಿ. ಅದರ ಮೇಲೆ ನೂರಕ್ಕೆ ಹನ್ನೊಂದು ಹನ್ನೆರಡು ಮಂದಿ ಪರಿಶಿಷ್ಟ ಪಂಗಡ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಬಂಡೀಪುರದ ಅಂಚಿನ ಜೇನುಕುರುಬರು ಇದರಲ್ಲಿದ್ದಾರೆ. ಕಾಡಿನೊಳಗೆ ಗೆಡ್ಡೆ ಗೆಣಸು ತೆಗೆಯುವಾಗ ಕೂಸು ಅವ್ವನ ಬೆನ್ನಿನಲ್ಲೇ ಇರುತ್ತಿತ್ತು. 1972ರ ವನ್ಯಜೀವಿ ಕಾಯಿದೆ ಬಂದು ಕಾಡಿನಿಂದ ಹೊರಗೆ ಹಾಕಿದ ಮೇಲೆ ಅದೇ ಅವ್ವ ಕೊಡಗಿನ ಕಾಫಿ ತೋಟಕ್ಕೆ, ವಯನಾಡಿನ ಶುಂಠಿ ಹೊಲಕ್ಕೆ ಜೀಪು ಹತ್ತಬೇಕಾಯಿತು. ಕೂಸು ಜೊತೆಗೆ ಹೋದರೆ ಊರಿನ ಅಂಗನವಾಡಿಯ ಪುಸ್ತಕದಲ್ಲಿ ಗೈರುಹಾಜರಿ; ಹೋದ ಕಡೆಯ ಪುಸ್ತಕದಲ್ಲಿ ಹೆಸರೇ ಇಲ್ಲ. ಬೇಗೂರು ಹಿರೀಕಾಟಿ ಸುತ್ತಿನ ಕ್ವಾರಿಗಳಿಗೆ ದೂರದ ರಾಜ್ಯಗಳಿಂದ ಬಂದವರ ಕೂಸುಗಳೂ ಹೀಗೆಯೇ. ನಮ್ಮವು ಅಲ್ಲಿ ಪರದೇಶಿ, ಅವರವು ಇಲ್ಲಿ ಪರದೇಶಿ. ಕಟ್ಟಡ ಕೆಲಸದ ಕೂಸುಗಳಿಗೆಂದು 1969ರಲ್ಲಿ ದಿಲ್ಲಿಯಲ್ಲಿ ಮೀರಾ ಮಹಾದೇವನ್ ಮೊಬೈಲ್ ಕ್ರೆಷ್ ಎಂಬ ಸಂಸ್ಥೆ ಶುರು ಮಾಡಿದರು. ಕೆಲಸ ಎಲ್ಲಿಗೆ ಹೋಗುತ್ತದೋ ತೊಟ್ಟಿಲೂ ಅಲ್ಲಿಗೆ ಹೋಗಬೇಕು ಎಂಬುದು ಅವರ ತಿಳಿವಳಿಕೆ. ನಮ್ಮ ಕ್ವಾರಿಗೂ ಶುಂಠಿ ಹೊಲಕ್ಕೂ ಬೇಕಾದ್ದು ಅದೇ.

6

ಇಲ್ಲಿಯವರೆಗೆ ಇತಿಹಾಸ. ಇನ್ನು ಇವತ್ತಿನದು.

ಹೋದ ಯುಗಾದಿಯ ಹೊತ್ತಿಗೆ ನಮ್ಮ ಮನೆಗೂ ಒಂದು ಹೆಣ್ಣು ಕೂಸು ಬಂತು. ಹೆಂಡತಿ ಹೊಲಿಗೆ ಕಾರ್ಖಾನೆಗೆ ಹೋಗುವವಳು. 26 ವಾರದ ರಜೆ ಮುಗಿಯಿತು. ಕಾರ್ಖಾನೆಯಲ್ಲಿ ಶಿಶುಗೃಹ ಎಂದು ಬೋರ್ಡು ಬರೆದ ಕೋಣೆಯೊಂದಿದೆ. ಒಳಗೆ ಬಟ್ಟೆಯ ಬಂಡಲು, ಹೊರಗೆ ಬೀಗ. ಇನ್ಸ್‌ಪೆಕ್ಟರು ಬರುವ ದಿನ ಬೀಗ ತೆಗೆದು ಗೋಡೆಗೆ ಗೊಂಬೆಯ ಚಿತ್ರ ಅಂಟಿಸುತ್ತಾರಂತೆ. ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರು ತುಂಬಿದ ಮೇಲೆ. ಅಲ್ಲಿಯತನಕ ಸೇರಿದ್ದು ಪೊಟ್ಟಣದ ಹಿಟ್ಟು ಮಾತ್ರ.

ಲೆಕ್ಕ ಹಾಕಿ ನೋಡಿ. ಆರು ತಿಂಗಳವರೆಗೆ ಅವ್ವನ ರಜೆ, ಅದೂ ರಜೆ ಇರುವ ಕೆಲಸವಾದರೆ. ಮೂರನೇ ವರ್ಷದಿಂದ ಅಂಗನವಾಡಿ. ನಡುವಿನ ಎರಡೂವರೆ ವರ್ಷ ಕೂಸು ಯಾರ ಕೈಯಲ್ಲಿ? ಅಕ್ಕನ ಸ್ಲೇಟು ಗೂಡಿಗೆ ಹೋದದ್ದು ಈ ಎರಡೂವರೆ ವರ್ಷಕ್ಕೇ. ಕಾಯಿದೆಗಳ ನಡುವೆ ಇರುವ ಈ ಸಂದಿನಲ್ಲಿ ನಮ್ಮ ಹೆಣ್ಣುಮಕ್ಕಳ ಓದು ಬಿದ್ದು ಹೋಗಿದೆ.

ಒಂದು ರಾತ್ರಿ ನಾವೆಲ್ಲ ಕೂತು ಮಾತಾಡಿದೆವು. ಅವ್ವನಿಗೆ ಮಂಡಿ ನೋವು, ತೆವಳುವ ಕೂಸಿನ ಹಿಂದೆ ಓಡಲಾರಳು. ಅಕ್ಕನ ಮಗಳು ಏಳನೇ ಕ್ಲಾಸು. ಯಾರೋ ಆ ಹುಡುಗಿಯ ಕಡೆ ನೋಡಿದರು. ಯಾರೋ ಎಂದರೆ ನಾವೇ. ಬಾಯಲ್ಲಿ ಹೇಳಲಿಲ್ಲ, ಕಣ್ಣು ಮಾತ್ರ ಹೋಯಿತು. ಅಕ್ಕನಿಗೆ ಅಷ್ಟು ಸಾಕಾಯಿತು.

"ಈಗ ಯಾರ ಹೆಣ್ಣೈಕ್ಳ ಇಸ್ಕೂಲ ಬುಡ್ಸಿರಪ್ಪ?" ಎಂದಳು.

ಯಾರೂ ಮಾತಾಡಲಿಲ್ಲ. ದಲಿತ ಚಳವಳಿಯ ಸಭೆಯಲ್ಲಿ ಕವಿತೆ ಓದುವ ನಾವು, ಸಾವಿತ್ರಿಬಾಯಿಯ ಬಗ್ಗೆ ಭಾಷಣ ಮಾಡುವ ನಾವು, ತಲೆ ತಗ್ಗಿಸಿದೆವು. ಇನ್ನೂ ಒಂದು ಮಾತಿದೆ. ಆ ರಾತ್ರಿ ಕೂಸು ನೋಡಿಕೊಳ್ಳುವವರ ಪಟ್ಟಿಯಲ್ಲಿ ಅವ್ವ, ಅಕ್ಕ, ಅಕ್ಕನ ಮಗಳು, ಹೆಂಡತಿ ಎಲ್ಲರ ಹೆಸರೂ ಬಂತು. ನಮ್ಮ ಹೆಸರು ಬರಲಿಲ್ಲ. ನಾವೂ ಹೇಳಿಕೊಳ್ಳಲಿಲ್ಲ. ನಮ್ಮ ಸಂಘಟನೆಗಳ ಚರಿತ್ರೆಯಲ್ಲಿ ಎಷ್ಟು ಜಾಥಾ, ಎಷ್ಟು ಧರಣಿ! ಆಗೆಲ್ಲ ಕೂಸು ಯಾರ ಕಂಕುಳಲ್ಲಿತ್ತು? ಹೆಂಗಸರು ಸಭೆಗೆ ಬರುವುದಿಲ್ಲ ಎಂದು ದೂರಿದೆವು. ಬರುವ ದಾರಿಯಲ್ಲಿ ಒಂದು ತೊಟ್ಟಿಲು ಕಟ್ಟಲಿಲ್ಲ.

7

2023ರಲ್ಲಿ ಕರ್ನಾಟಕ ಸರ್ಕಾರ ಉದ್ಯೋಗ ಖಾತ್ರಿಯ ಜೊತೆ ಸೇರಿಸಿ ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರ ತೆರೆಯಲು ಹೊರಟಿತು. ಸುಮಾರು 4,000 ಪಂಚಾಯತಿಗಳಲ್ಲಿ ತೆರೆಯುವ ಗುರಿ. ಮೂರು ವರ್ಷದೊಳಗಿನ ಕೂಸುಗಳಿಗೆ ಜಾಗ. ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ನೋಡಿಕೊಳ್ಳಲು ನೇಮಿಸುವುದು. ಹೆಸರು ಚೆನ್ನಾಗಿದೆ. ನಮ್ಮ ಜನರ ಬಾಯಿಯ ಮಾತು. ಕಾಯಿದೆ ಬಿಟ್ಟಿದ್ದ ಸಂದಿಯನ್ನು ಸರಿಯಾಗಿ ಗುರುತಿಸಿದ ಯೋಜನೆ ಇದು. ಆದರೆ ಇದಕ್ಕೆ ಆಸರೆಯಾಗಿದ್ದ 2005ರ ಕಾಯಿದೆಯ ಜಾಗಕ್ಕೆ 2025ರ ಡಿಸೆಂಬರಿನಲ್ಲಿ ಸಂಸತ್ತು ಬೇರೆ ಕಾಯಿದೆ ಅಂಗೀಕರಿಸಿತು. ಕೂಸಿನ ಮನೆಯ ಕಂಬ ಅಲುಗಾಡದಂತೆ ಕಾಯುವ ಕೆಲಸ ಈಗ ನಮ್ಮ ಮೇಲಿದೆ.

ಕೂಸನ್ನು ಯಾರ ಕೈಲಿ ಬಿಡಬೇಕು ಎಂದು ಪೇಟೆಯವರು ವಿಚಾರಿಸುವಾಗ ನಾಲ್ಕು ಕಡೆ ನೋಡಿ ಒಂದನ್ನು ಆರಿಸುತ್ತಾರೆ. ನಮಗೆ ಆರಿಸುವ ಹಕ್ಕೇ ಹೊಸದು. ಬಿಟ್ಟಿ ಕೊಡುವುದನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳಬೇಕು ಎಂದು ನಮಗೆ ಕಲಿಸಿದ್ದಾರೆ. ಹಾಗಲ್ಲ. ಕೂಸಿನ ಮನೆಯಾಗಲಿ, ಕಾರ್ಖಾನೆಯ ಶಿಶುಗೃಹವಾಗಲಿ, ದುಡ್ಡು ಕೊಟ್ಟು ಬಿಡುವ ಖಾಸಗಿ ಮನೆಯಾಗಲಿ, ನಮ್ಮ ಹೆಂಗಸರು ಒಳಗೆ ಹೋಗಿ ನೋಡಬೇಕು. ಒಬ್ಬಳ ಕೈಗೆ ಎಷ್ಟು ಕೂಸು ಹಾಕಿದ್ದಾರೆ? ತೆವಳುವ ಕೂಸಾದರೆ ನಾಲ್ಕೈದಕ್ಕಿಂತ ಹೆಚ್ಚು ಒಬ್ಬಳು ನೋಡಲಾರಳು. ಇದನ್ನು ತಿಳಿಯಲು ತಜ್ಞರು ಬೇಡ, ಎರಡು ಹೆತ್ತ ಯಾರಿಗಾದರೂ ಗೊತ್ತು. ಬಾಗಿಲು ತೆಗೆಯುವ ಹೊತ್ತು ಯಾವುದು? ಹತ್ತು ಗಂಟೆಗೆ ತೆಗೆದರೆ ಆರಕ್ಕೇ ಹೊರಡುವ ಕೂಲಿ ಹೆಂಗಸಿಗೆ ಅದು ಇದ್ದೂ ಇಲ್ಲ. ನೀರು ಎಲ್ಲಿಂದ? ಸಂಪಿಗೆ, ತೊಟ್ಟಿಗೆ ಮುಚ್ಚಳ ಇದೆಯೇ? ಲೋಟ ಎಷ್ಟು ಬಗೆ? ಎಲ್ಲ ಕೂಸನ್ನೂ ಒಂದೇ ಚಾಪೆಯಲ್ಲಿ ಮಲಗಿಸುತ್ತಾರೆಯೇ? ಹೇಳದೆ ಕೇಳದೆ ಅವ್ವ ನಡುವೆ ಬಂದರೆ ಒಳಗೆ ಬಿಡುತ್ತಾರೆಯೇ? ಬಿಡದಿದ್ದರೆ ಆ ಮನೆ ಬೇಡ. ಮತ್ತೊಂದು ಪ್ರಶ್ನೆಯನ್ನು ಮರೆಯಬಾರದು: ಕೂಸು ನೋಡುವವಳಿಗೆ ತಿಂಗಳು ತಿಂಗಳು ದುಡ್ಡು ಸಿಗುತ್ತಿದೆಯೇ? ಹಸಿದವಳ ಕೈಗೆ ಕೂಸು ಕೊಟ್ಟು, ಅವಳಿಗೆ ಗೌರವ ಎಂಬ ಮಾತು ಕೊಟ್ಟರೆ, ಅದರ ಕೇಡು ಕೊನೆಗೆ ಕೂಸಿಗೇ ಮುಟ್ಟುತ್ತದೆ.

ನಾವು ಮಾಡಿದ್ದು ಇಷ್ಟು. ಕೇರಿಯಲ್ಲಿ ಮೂರು ವರ್ಷದೊಳಗಿನ ಒಂಬತ್ತು ಕೂಸುಗಳ ಹೆಸರು ಬರೆದು, ಒಂಬತ್ತು ಅವ್ವಂದಿರ ಹೆಬ್ಬೆಟ್ಟು, ಸಹಿ ಹಾಕಿಸಿ, ಕೂಸಿನ ಮನೆ ಕೇರಿಯಲ್ಲೇ ಬೇಕು ಎಂದು ಅರ್ಜಿ ಕೊಟ್ಟೆವು. ಕೂಸು ನೋಡಿಕೊಳ್ಳಲು ಅಕ್ಕನ ಹೆಸರನ್ನು ಅವ್ವಂದಿರೇ ಒಮ್ಮತದಿಂದ ಹೇಳಿದರು. ಎಂಟನೇ ವಯಸ್ಸಿನಿಂದ ಕೂಸು ಎತ್ತಿದವಳು, ತಮ್ಮನನ್ನು, ತನ್ನ ಎರಡನ್ನು, ಕೇರಿಯ ಎಷ್ಟನ್ನೋ. ಯಾವ ಕೂಸಿನ ಅಳು ಹಸಿವಿನದು, ಯಾವುದು ಕಿವಿ ನೋವಿನದು ಎಂದು ಬಾಗಿಲಾಚೆಯಿಂದ ಹೇಳುವವಳು. ಅರ್ಜಿ ತೆಗೆದುಕೊಂಡವರು ತಲೆ ಎತ್ತದೆ ಕೇಳಿದರು: "ಎಸ್ಸೆಸ್ಸೆಲ್ಸಿ ಆಗಿದೆಯಾ?"

ಅಕ್ಕ ನಮ್ಮ ಮುಖ ನೋಡಿದಳು. ಕೂಸು ನೋಡಿಕೊಂಡದ್ದಕ್ಕೇ ಓದು ಬಿಟ್ಟವಳಿಗೆ, ಓದು ಇಲ್ಲ ಎಂದು ಕೂಸು ನೋಡಿಕೊಳ್ಳುವ ಕೆಲಸ ಇಲ್ಲ. ಓದು ಬೇಡ ಎಂದು ನಾವು ಹೇಳುತ್ತಿಲ್ಲ. ಕೂಸುಗಳಿಗೆ ಹಾಡು ಕಥೆ ಅಕ್ಷರ ಹೇಳುವವರು ಓದಿದವರೇ ಇರಲಿ. ಆದರೆ ಒಬ್ಬ ಓದಿದವಳ ಪಕ್ಕದಲ್ಲಿ ಒಬ್ಬ ಸಾಕಿದವಳೂ ಇರಲಿ, ಇಬ್ಬರಿಗೂ ಸರಿಯಾದ ಸಂಬಳವಿರಲಿ. ಅಕ್ಕಂದಿರ ಆ ವರ್ಷಗಳನ್ನು ಅನುಭವ ಎಂದು ಬರೆದುಕೊಳ್ಳುವ ಒಂದು ಕಲಮು ಯಾವ ಅರ್ಜಿಯಲ್ಲೂ ಇಲ್ಲ. ಆ ಕಲಮು ಬರುವವರೆಗೆ ಕೇಳಬೇಕು.

ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಅಲ್ಲಿಯವರೆಗೆ ಕೂಸು ಅಕ್ಕನ ಮನೆಯಲ್ಲಿದೆ, ಜೊತೆಗೆ ಇನ್ನೆರಡು. ಮೂರು ಮನೆಯವರೂ ಸೇರಿ ಅಕ್ಕನಿಗೆ ಹೂ ಬಿಡಿಸುವ ಒಂದು ದಿನದ ಕೂಲಿ ಎಷ್ಟೋ ಅಷ್ಟನ್ನು ದಿನವೂ ಕೊಡುತ್ತೇವೆ. ಮೊದಲ ವಾರ ಅವಳು ದುಡ್ಡು ಮುಟ್ಟಲಿಲ್ಲ. "ನಮ್ ಕೂಸ್ಗ ಕೂಲಿ ಈಸ್ಕಂಡನಾ?" ಎಂದಳು. ಹಿಂದಿನದನ್ನು ಹೇಗೂ ಕೊಡಲಾರೆವು, ಇದನ್ನಾದರೂ ಈಸ್ಕೊ ಎಂದು ಕೈಯಲ್ಲಿಟ್ಟೆವು. ಭಾನುವಾರ ಕೂಸು ನಮ್ಮದೇ ಪಾಲಿಗೆ. ಕಂಕುಳಲ್ಲಿ ಎತ್ತಿಕೊಂಡು ಬೀದಿಗೆ ಬಂದರೆ ಕೇರಿಯ ಗಂಡಸರು ಈಗಲೂ ನಗುತ್ತಾರೆ. ನಗಲಿ. ಅಕ್ಕನ ಮಗಳು ಎಂಟನೇ ಕ್ಲಾಸಿಗೆ ಹೋಗಿದ್ದಾಳೆ. ಬೆಳಿಗ್ಗೆ ಅವಳ ಚೀಲ ಗೂಡಿನಿಂದ ಇಳಿಯುವುದನ್ನು ನಾವು ದಿನವೂ ನೋಡುತ್ತೇವೆ.

ಗೆಳೆಯರೇ, ನಿಮ್ಮ ಕೇರಿಯಲ್ಲೂ ಒಂದು ಪಟ್ಟಿ ಬರೆಯಿರಿ. ಮೂರು ವರ್ಷದೊಳಗಿನ ಕೂಸು ಎಷ್ಟು, ಅವನ್ನು ಯಾರು ನೋಡುತ್ತಿದ್ದಾರೆ, ನೋಡುವವರ ವಯಸ್ಸೆಷ್ಟು. ಎಂಟು, ಒಂಬತ್ತು, ಹತ್ತು ಎಂದು ವಯಸ್ಸು ಬರೆಯುವಾಗ ನಿಮ್ಮ ಕೈ ನಡುಗಿದರೆ, ಆ ಪಟ್ಟಿ ಹಿಡಿದುಕೊಂಡು ಪಂಚಾಯತಿಗೆ ಹೋಗಿ. ಮೇಷ್ಟ್ರುಗಳೇ, ನಿಮ್ಮ ಹಾಜರಿ ಪುಸ್ತಕದಲ್ಲಿ ವಾರಗಟ್ಟಲೆ ಗೈರು ಇರುವ ಹೆಣ್ಣುಮಗಳ ಮನೆಗೆ ಒಂದು ಸಲ ಹೋಗಿ ನೋಡಿ. ಅವಳ ಕಂಕುಳಲ್ಲಿ ಒಂದು ಕೂಸು ಇರುತ್ತದೆ.